ಕ್ಷಮೆ ಸಿಕ್ಕಿದ ಮೇಲೂ ರೈತರ ಕಾಳಿನ ಲೆಕ್ಕ ಉಳಿಯುತ್ತದೆಯೇ?

ಪ್ರಶ್ನೆ: ಅಯ್ಯನವರಿಗೆ ಕರ್ತನ ನಾಮದಲ್ಲಿ ವಂದನೆಗಳು. ನನ್ನ ಊರು ದಾವಣಗೆರೆ, ವಯಸ್ಸು 43. ಕ್ರೈಸ್ತರ ಮನೆಯಲ್ಲೇ ಹುಟ್ಟಿದವನು, ಕೂಸಿದ್ದಾಗಲೇ ದೀಕ್ಷಾಸ್ನಾನ ಆಗಿದೆ. ದೊಡ್ಡವನಾದ ಮೇಲೆ ಕ್ರಿಸ್‌ಮಸ್ ಬಿಟ್ಟರೆ ಚರ್ಚಿನ ಮೆಟ್ಟಿಲು ಹತ್ತಿದವನಲ್ಲ. ಎಪಿಎಂಸಿಯ ಒಂದು ಮಂಡಿಯಲ್ಲಿ ಮೆಕ್ಕೆಜೋಳ ತೂಕ ಹಾಕುವ ಕೆಲಸ. ಹದಿನಾಲ್ಕು ವರ್ಷ ರೈತರ ಚೀಲಕ್ಕೆ ಒಂದು ಕಿಲೊ, ಕೆಲವು ಸಲ ಎರಡು ಕಿಲೊ ಹೊಡೆದಿದ್ದೇನೆ. ಸಾಹುಕಾರರದೇ ಹೇಳಿಕೆ, ನನಗೊಂದು ಪಾಲು. ಆ ದುಡ್ಡೆಲ್ಲ ಕುಡಿತಕ್ಕೆ, ಓಸಿ ಜೂಜಿಗೆ ಹೋಯಿತು. ಈ ವರ್ಷ ಶುಭ ಶುಕ್ರವಾರ ಅಮ್ಮನ ಒತ್ತಾಯಕ್ಕೆ ಆರಾಧನೆಗೆ ಹೋಗಿದ್ದೆ. ಶಿಲುಬೆಯ ಮೇಲಿನ ಕಳ್ಳನ ಮಾತು ಕೇಳಿ ತಡೆಯಲಾಗದೆ ಅತ್ತುಬಿಟ್ಟೆ. ಅವತ್ತೇ ಎಲ್ಲಾ ಬಿಟ್ಟೆ. ಮೂರು ದಿನ ಕೈ ನಡುಗಿ, ಏನೇನೋ ಕಂಡು, ಸೈತಾನನ ಹೋರಾಟ ಅಂತ ಪ್ರಾರ್ಥನೆ ಮಾಡುತ್ತಾ ಮಲಗಿದ್ದೆ. ಎರಡು ತಿಂಗಳು ಚೆನ್ನಾಗಿದ್ದೆ. ಆಮೇಲೆ ಅಕ್ಕನ ಮಗನ ಮದುವೆಯಲ್ಲಿ ಕುಡಿದೆ, ಮತ್ತೊಮ್ಮೆಯೂ ಕುಡಿದೆ. ನನ್ನ ಮಾನಸಾಂತರವೇ ಸುಳ್ಳೇ? ರೈತರ ಕಾಳಿನ ದುಡ್ಡು ವಾಪಸ್ ಕೊಡಬೇಕೇ, ಯೇಸು ಕ್ಷಮಿಸಿದ ಮೇಲೆ ಮುಗಿಯಿತೇ? ಕೆಲವರು ಮತ್ತೆ ಮುಳುಗಿ ದೀಕ್ಷಾಸ್ನಾನ ತಗೋ ಅನ್ನುತ್ತಾರೆ. ಮನೆಯಾಕೆ 'ಇದನ್ನ ಎಷ್ಟು ಸಲ ನೋಡಿಲ್ಲ' ಅಂತ ಮುಖ ಕೊಟ್ಟು ಮಾತಾಡಲ್ಲ. ಮುಂದಿನ ತಿಂಗಳು ಒಂದು ಉಜ್ಜೀವನ ಕೂಟದಲ್ಲಿ ಸಾಕ್ಷಿ ಹೇಳಲು ಕರೆದಿದ್ದಾರೆ, ಹೋಗಲೇ?

ಉತ್ತರ: ಸಹೋದರರೇ, ನಿಮ್ಮ ಕಾಗದದಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. 'ಚೀಲಕ್ಕೆ ಒಂದು ಕಿಲೊ, ಕೆಲವು ಸಲ ಎರಡು ಕಿಲೊ' ಎಂದು ಬರೆದಿದ್ದೀರಿ. 'ನಾನು ಮಹಾಪಾಪಿ' ಎಂದು ಬರೆದು ಸುಮ್ಮನಾಗಬಹುದಿತ್ತು. ಎಲ್ಲರೂ ಹಾಗೇ ಬರೆಯುತ್ತಾರೆ, ಅದನ್ನು ಹೇಳಲು ಯಾರಿಗೂ ಕಷ್ಟವಿಲ್ಲ. ಪಾಪವನ್ನು ಕಿಲೊ ಲೆಕ್ಕದಲ್ಲಿ ಹೇಳುವ ಮನುಷ್ಯನೊಳಗೆ ಪವಿತ್ರಾತ್ಮನ ಕೆಲಸ ನಡೆಯುತ್ತಿದೆ ಎಂದು ನಾನು ನಂಬುತ್ತೇನೆ. ಆದ್ದರಿಂದ ಮೊದಲ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮಾನಸಾಂತರ ಸುಳ್ಳಲ್ಲ.

ಕುಡಿತದ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಜೀವದ ಪ್ರಶ್ನೆ ಇದೆ. ಕೈ ನಡುಗಿದ್ದು, ಇಲ್ಲದ್ದು ಕಂಡದ್ದು ಸೈತಾನನಿಂದ ಅಲ್ಲ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಒಮ್ಮೆಲೇ ಮದ್ಯ ತಪ್ಪಿದರೆ ಹೀಗಾಗುತ್ತದೆ. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ನಡುವೆ ಭ್ರಮೆ ಹಿಡಿಯಬಹುದು, ಪ್ರಾಣವೇ ಹೋದ ಉದಾಹರಣೆಗಳೂ ಇವೆ. ನೀವು ಉಳಿದದ್ದಕ್ಕೆ ದೇವರಿಗೆ ಸ್ತೋತ್ರ. ಇನ್ನೊಮ್ಮೆ ಹಾಗೆ ಮನೆಯಲ್ಲಿ ಮಲಗಬೇಡಿ. ಈಗಲೇ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ, ಕುಡಿತ ಬಿಡಲು ಚಿಕಿತ್ಸೆ ಬೇಕೆಂದು ಮನೋರೋಗ ವೈದ್ಯರ ಹತ್ತಿರ ಬಾಯಿಬಿಟ್ಟು ಹೇಳಿ. ಕುಡಿಯುವ ಬಯಕೆಯನ್ನು ತಗ್ಗಿಸುವ ಮಾತ್ರೆಗಳು ಇವೆ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ರಾತ್ರಿ ಹೊತ್ತು ಮನಸ್ಸು ತಡೆಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ನುಂಗಿದರೆ ನಂಬಿಕೆ ಕಡಿಮೆಯಾಯಿತು ಎಂದು ಹೇಳುವವರು ನಿಮ್ಮ ಸುತ್ತ ಇದ್ದರೆ ಅವರ ಮಾತಿಗೆ ಕಿವಿಗೊಡಬೇಡಿ. ಲೂಕನು ವೈದ್ಯನಾಗಿದ್ದ, ಪೌಲನು ಅವನನ್ನು ಪ್ರಿಯ ವೈದ್ಯ ಎಂದೇ ಕರೆದ.

ಎರಡು ಸಲ ಬಿದ್ದದ್ದರ ಬಗ್ಗೆ. ಶಿಷ್ಯ ಪೇತ್ರನು ಯೇಸುವನ್ನು ಅರಿಯೆನೆಂದು ಹೇಳಿ ಮೂರು ಸಲ ಬಿದ್ದ, ಅದೂ ಯೇಸುವಿನ ಕಣ್ಣಳತೆಯಲ್ಲೇ. ಯೇಸುವನ್ನು ಹಿಡಿದುಕೊಟ್ಟ ಯೂದನು ಬಿದ್ದದ್ದು ಒಂದೇ ಸಲ. ಇಬ್ಬರೂ ಪಶ್ಚಾತ್ತಾಪಪಟ್ಟರು. ಯೂದನು ಮೂವತ್ತು ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲಿ ಬಿಸಾಡಿ ಒಬ್ಬನೇ ಹೊರಟುಹೋದ. ಪೇತ್ರ ಬಿಕ್ಕಿಬಿಕ್ಕಿ ಅತ್ತು ಮತ್ತೆ ಉಳಿದ ಶಿಷ್ಯರ ನಡುವೆಯೇ ಇದ್ದ. ಮದುವೆಯಲ್ಲಿ ಕುಡಿದ ಮಾರನೇ ದಿನ ನೀವು ಎಲ್ಲಿದ್ದಿರಿ ಎಂದು ಬರೆದಿಲ್ಲ. ಭಾನುವಾರದ ಆರಾಧನೆ ತಪ್ಪಿಸಿ ಮನೆಯಲ್ಲಿ ಮುಸುಕು ಹಾಕಿ ಮಲಗಿದ್ದರೆ, ನನಗೆ ಭಯವಿರುವುದು ಆ ಮುಸುಕಿನ ಬಗ್ಗೆ. ಬಿದ್ದ ವಾರ ಚರ್ಚಿಗೆ ಹೋಗಲೇಬೇಕು. ಬಾಯಿ ವಾಸನೆ ಇದ್ದರೂ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ.

ಇನ್ನು ಕಾಳಿನ ಲೆಕ್ಕ. ನಿಮ್ಮನ್ನು ಅಳಿಸಿದ ಕಳ್ಳನಿಂದಲೇ ಶುರು ಮಾಡೋಣ. ಲೂಕನ ಸುವಾರ್ತೆ 23ನೇ ಅಧ್ಯಾಯದಲ್ಲಿ ಆತ ಶಿಲುಬೆಯ ಮೇಲೆ ಸಾಯುತ್ತಿದ್ದಾನೆ. ಕದ್ದದ್ದನ್ನು ಹಿಂದಕ್ಕೆ ಕೊಡಲು ಅವನ ಕೈಗಳಿಗೆ ಬಿಡುವಿಲ್ಲ, ಮೊಳೆ ಹೊಡೆದಿದ್ದಾರೆ. ಯಾರ ಮನೆ ಬಾಗಿಲಿಗೂ ಹೋಗಿ ಕ್ಷಮೆ ಕೇಳಲು ಸಮಯವಿಲ್ಲ. ಆದರೂ ಯೇಸು 'ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವೆ' ಎಂದ. ಒಂದು ಪೈಸೆ ಹಿಂದಿರುಗಿಸದೆ ಅವನು ಪೂರ್ತಿ ಕ್ಷಮಿಸಲ್ಪಟ್ಟ. ಶುಭ ಶುಕ್ರವಾರ ನಿಮಗೆ ಸಿಕ್ಕಿದ ಕ್ಷಮೆಯೂ ಅಷ್ಟೇ ಪೂರ್ತಿ. ಇನ್ನು ಮುಂದೆ ನೀವು ಕೊಡುವ ಯಾವ ದುಡ್ಡೂ ಅದಕ್ಕೆ ಒಂದು ಗುಂಜಿ ಕೂಡಿಸುವುದಿಲ್ಲ. ಇದನ್ನು ಗಟ್ಟಿಯಾಗಿ ಹಿಡಿದುಕೊಂಡೇ ಮುಂದಕ್ಕೆ ಓದಿ.

ಅದೇ ಲೂಕನು ನಾಲ್ಕು ಅಧ್ಯಾಯ ಹಿಂದೆ ಇನ್ನೊಬ್ಬ ವಂಚಕನ ಕಥೆ ಹೇಳಿದ್ದಾನೆ. ಯೆರಿಕೋವಿನ ಜಕ್ಕಾಯ, ಸುಂಕದವರ ಮುಖ್ಯಸ್ಥ. ಅವನ ಕೈಗಳಿಗೆ ಮೊಳೆ ಹೊಡೆದಿರಲಿಲ್ಲ. ಮನೆ ಇತ್ತು, ಗಂಟು ಇತ್ತು, ವಂಚನೆಗೊಳಗಾದವರು ಅದೇ ಊರಲ್ಲಿ ಇದ್ದರು. ಅಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಗಮನಿಸಿ: ಯೇಸು ಮೊದಲು ಅವನ ಹೆಸರು ಹಿಡಿದು ಕರೆದು, ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಎಂದ. ಜನ ಗೊಣಗಿದರು. ಆಮೇಲೆ ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂದ. 'ದುಡ್ಡು ಕೊಡು, ಆಗ ಬರುತ್ತೇನೆ' ಎಂದು ಯೇಸು ಹೇಳಲಿಲ್ಲ. ಬಂದ ಮೇಲೆ ಆ ದುಡ್ಡನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಲು ಜಕ್ಕಾಯನಿಗೇ ಆಗಲಿಲ್ಲ.

ನೀವು ಶಿಲುಬೆಯ ಮೇಲಿನ ಕಳ್ಳನ ಹಾಗೆ ಅತ್ತಿದ್ದೀರಿ, ಆದರೆ ದೇವರು ನಿಮ್ಮನ್ನು ಜಕ್ಕಾಯನ ಹಾಗೆ ಕೈಕಾಲು ಗಟ್ಟಿಯಾಗಿ ಉಳಿಸಿದ್ದಾನೆ. ಹೌದು, ಕೊಡಬೇಕು.

ಇದು ಚಿಕ್ಕ ವಿಷಯವೆಂದು ನಿಮ್ಮ ಜೊತೆಯವರು ಹೇಳಬಹುದು, ಮಾರುಕಟ್ಟೆಯಲ್ಲಿ ಎಲ್ಲ ಕಡೆ ನಡೆಯುವುದೇ ಎನ್ನಬಹುದು. ಜಗಳೂರು ಕಡೆಯ ಒಬ್ಬ ರೈತ 40 ಚೀಲ ತಂದ ಎಂದುಕೊಳ್ಳಿ. ಚೀಲಕ್ಕೆ ಒಂದು ಕಿಲೊ ಎಂದರೆ 40 ಕಿಲೊ. 2024-25ರಲ್ಲಿ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,225 ರೂಪಾಯಿ. ಆ ದರದಲ್ಲಿ 890 ರೂಪಾಯಿ ಆಯಿತು. 45 ಕಿಲೊ ಯೂರಿಯಾ ಚೀಲಕ್ಕೆ ಸುಮಾರು 266 ರೂಪಾಯಿ. ಅಂದರೆ ಒಂದು ಮಧ್ಯಾಹ್ನ ಕಾಟಾದ ಮುಂದೆ ನಿಂತು ಅವನ ಮುಂದಿನ ಬೆಳೆಯ ಮೂರು ಚೀಲ ಗೊಬ್ಬರವನ್ನು ನೀವು ಹೊತ್ತುಕೊಂಡು ಹೋದಿರಿ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎಂದು ಜ್ಞಾನೋಕ್ತಿಗಳು 11ನೇ ಅಧ್ಯಾಯದ ಮೊದಲ ವಚನವೇ ಹೇಳುತ್ತದೆ. ಕಾಳಿನ ಅಳತೆ ಕಿರಿದು ಮಾಡಿ, ತಕ್ಕಡಿಯಲ್ಲಿ ವಂಚಿಸುವ ವ್ಯಾಪಾರಿಗಳ ಮೇಲೆ ಆಮೋಸನು ಸಿಟ್ಟಿನಿಂದ ಕೂಗಿದ್ದು 8ನೇ ಅಧ್ಯಾಯದಲ್ಲಿದೆ. ಆಮೋಸ ಸ್ವತಃ ಕುರಿ ಕಾಯುತ್ತಿದ್ದವನು, ಬಡವನಿಗೆ ತೂಕದಲ್ಲಿ ಆಗುವ ಮೋಸ ಎಂಥದ್ದೆಂದು ಬಲ್ಲವನು.

ಯಾರಿಗೆ, ಎಷ್ಟು, ಹೇಗೆ? ಬೈಬಲ್ ಇಲ್ಲಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ವಿವರಕ್ಕೆ ಇಳಿಯುತ್ತದೆ. ಯಾಜಕಕಾಂಡ 6ನೇ ಅಧ್ಯಾಯದ ಪ್ರಕಾರ ವಂಚಿಸಿದ್ದನ್ನು ಪೂರ್ತಿ ಕೊಟ್ಟು, ಅದರ ಐದನೇ ಒಂದು ಪಾಲು ಮೇಲೆ ಸೇರಿಸಬೇಕು. ಅರಣ್ಯಕಾಂಡ 5ನೇ ಅಧ್ಯಾಯ ನಿಮ್ಮ ಪರಿಸ್ಥಿತಿಯನ್ನೇ ನೋಡಿದಂತೆ ಇನ್ನೊಂದು ಮಾತು ಹೇಳುತ್ತದೆ: ನಷ್ಟಪಟ್ಟವನೂ ಇಲ್ಲ, ತೆಗೆದುಕೊಳ್ಳಲು ಅವನ ಹತ್ತಿರದ ಬಂಧುವೂ ಇಲ್ಲ ಎಂದಾದರೆ ಅದು ಯೆಹೋವನಿಗೆ ಸಲ್ಲಬೇಕು. ಮನುಷ್ಯ ಸಿಗಲಿಲ್ಲ ಎಂದು ಸಾಲ ತೀರುವುದಿಲ್ಲ, ಸಿಗಲಿಲ್ಲ ಎಂದು ನೀವು ಕೊರಗಿ ಸಾಯಬೇಕಾಗಿಯೂ ಇಲ್ಲ. ಹಾಗಾಗಿ ಹೆಸರು ಗೊತ್ತಿರುವ ರೈತರನ್ನು ಮೊದಲು ಬರೆದುಕೊಳ್ಳಿ. ವರ್ಷ ವರ್ಷ ನಿಮ್ಮ ಮಂಡಿಗೇ ಬರುವವರು ಇದ್ದೇ ಇರುತ್ತಾರೆ, ಅವರ ಊರು, ಅವರು ತರುತ್ತಿದ್ದ ಚೀಲ ನಿಮಗೆ ನೆನಪಿರುತ್ತದೆ. ಉಳಿದವರ ಪಾಲನ್ನು ಅಂದಾಜು ಮಾಡಿ ರೈತರ ಕುಟುಂಬಗಳಿಗೇ ಮುಟ್ಟುವ ಕಡೆ ಕೊಡಿ: ಸಾಲ ಮಾಡಿ ಆಸ್ಪತ್ರೆ ಸೇರಿದ ಒಬ್ಬ ರೈತನ ಬಿಲ್ಲು, ಒಂದು ಹಳ್ಳಿ ಹುಡುಗಿಯ ಕಾಲೇಜಿನ ಫೀಸು. ದಯವಿಟ್ಟು ಅದನ್ನು ಚರ್ಚಿನ ಕಾಣಿಕೆ ಪೆಟ್ಟಿಗೆಗೆ ಹಾಕಬೇಡಿ. ಹಳೆಯ ಕಾಲದಲ್ಲಿ ಅದು ಯಾಜಕನಿಗೆ ಹೋಗುತ್ತಿತ್ತು ಎಂದು ಯಾರಾದರೂ ವಚನ ತೋರಿಸಿದರೂ ಬೇಡ. ರೈತನಿಂದ ಬಂದದ್ದು ರೈತನ ಕಡೆಗೇ ಹೋಗಲಿ ಎಂಬುದು ನನ್ನ ಅಭಿಪ್ರಾಯ.

ಎಷ್ಟು ಎಂದರೆ ನಿಮ್ಮ ಪಾಲಿಗೆ ಬಂದದ್ದು, ಅದರ ಮೇಲೆ ಐದನೇ ಒಂದು. ಜಕ್ಕಾಯನ ನಾಲ್ಕರಷ್ಟು ಅವನ ಸಂತೋಷ, ನಿಮಗೆ ಅದು ಕಟ್ಟಳೆಯಲ್ಲ. ಸಾಹುಕಾರರ ಪಾಲನ್ನು ನೀವು ತೀರಿಸಲಾರಿರಿ, ಅದಕ್ಕೆ ಅವರೇ ಉತ್ತರ ಕೊಡಬೇಕು. ಇದಕ್ಕಾಗಿ ಬಡ್ಡಿಗೆ ಸಾಲ ಮಾಡಬೇಡಿ, ಹೆಂಡತಿಯ ತಾಳಿ ಅಡವಿಡಬೇಡಿ. ಹದಿನಾಲ್ಕು ವರ್ಷದ್ದು ಹದಿನಾಲ್ಕು ದಿನದಲ್ಲಿ ತೀರುವುದಿಲ್ಲ. ತಿಂಗಳಿಗೆ ಇಷ್ಟು ಎಂದು ಎತ್ತಿಟ್ಟು, ಹೆಂಡತಿಗೆ ಲೆಕ್ಕ ತೋರಿಸಿ, ಸುಗ್ಗಿಯಿಂದ ಸುಗ್ಗಿಗೆ ಒಬ್ಬೊಬ್ಬರಿಗೆ ತೀರಿಸುತ್ತಾ ಹೋಗಿ.

ಕೊಡಲು ಹೋದಾಗ ಏನಾಗುತ್ತದೆ ಎಂಬ ಬಗ್ಗೆ ಸುಳ್ಳು ಆಸೆ ಹುಟ್ಟಿಸಲಾರೆ. ನಾನು ಚಿತ್ರದುರ್ಗ ಕಡೆ ಸೇವೆಯಲ್ಲಿದ್ದಾಗ ನಮ್ಮ ಸಭೆಗೆ ಬಂದ ಒಬ್ಬ ತಮ್ಮ, ಹಿಂದೆ ಕೊಳವೆಬಾವಿಗಳ ತಾಮ್ರದ ಕೇಬಲ್ ಕದಿಯುತ್ತಿದ್ದವನು. ಒಬ್ಬ ರೈತನಿಗೆ ಕೇಬಲ್ಲಿನ ದುಡ್ಡು ಕೊಡಬೇಕೆಂದು ಹೊರಟ, ಜೊತೆಗೆ ನನ್ನನ್ನು ಕರೆದ. ಆ ಯಜಮಾನರು ಪಂಪ್ ಮನೆಯ ಕಟ್ಟೆ ಮೇಲೆ ಕೂತು ಸ್ಟಾರ್ಟರ್ ಡಬ್ಬಿಯ ತಿರುಪು ಬಿಗಿ ಮಾಡುತ್ತಿದ್ದರು. ಇವನು ನಿಂತುಕೊಂಡೇ ಎಲ್ಲ ಹೇಳಿದ. ಅವರು ತಿರುಪುಳಿ ಕೆಳಗಿಟ್ಟು 'ಯಾವ ವರ್ಷ?' ಎಂದರು. ಇವನು ಹೇಳಿದ. 'ಆ ವರ್ಷ ಎರಡು ಎಕರೆ ಈರುಳ್ಳಿ ಗಡ್ಡೆ ಕಟ್ಟೋ ಹೊತ್ತಿಗೆ ಒಣಗೋತು. ಕೇಬಲ್ ಹಾಕ್ಸಾಕೆ ಹನ್ನೊಂದು ದಿನ ಆತು' ಎಂದರು. ಆಮೇಲೆ ದುಡ್ಡು ಎಣಿಸಿಕೊಂಡು ಅಂಗಿ ಜೇಬಿಗೆ ಹಾಕಿ, ಮತ್ತೆ ತಿರುಪುಳಿ ಎತ್ತಿಕೊಂಡರು. ಕ್ಷಮಿಸಿದೆ ಎನ್ನಲಿಲ್ಲ, ಕೂರಿ ಎನ್ನಲಿಲ್ಲ, ನೀರು ಕೊಡಲಿಲ್ಲ. ವಾಪಸ್ ಬರುವಾಗ ಆ ತಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ತಾನು ಕದ್ದದ್ದು ಕೇಬಲ್ ಎಂದುಕೊಂಡಿದ್ದ, ಎರಡು ಎಕರೆ ಈರುಳ್ಳಿ ಎಂದು ಅವತ್ತು ಗೊತ್ತಾಯಿತು.

ನಿಮಗೂ ಹೀಗಾಗಬಹುದು. ರೈತ ಬೈಯಬಹುದು, ಹತ್ತು ಜನರ ಮುಂದೆ ಮಾನ ಕಳೆಯಬಹುದು. ನೀವು ದುಡ್ಡು ಕೊಟ್ಟಿರಿ ಎಂಬ ಕಾರಣಕ್ಕೆ ಕ್ಷಮೆ ಅವರು ಕೊಡಬೇಕಾದ ಬಾಕಿ ಆಗುವುದಿಲ್ಲ. ಅದನ್ನು ಕೇಳಿ ಬರಬೇಕು, ಸಿಗದಿದ್ದರೂ ಬರಬೇಕು. ದೇವರ ಕ್ಷಮೆ ಮೊದಲೇ ಕೈಯಲ್ಲಿದೆ ಎನ್ನುವವನಿಗೆ ಮಾತ್ರ ಹೀಗೆ ಹೋಗಿ ನಿಲ್ಲುವ ಧೈರ್ಯ ಬರುತ್ತದೆ, ಅದಕ್ಕೇ ಶಿಲುಬೆಯ ಕಳ್ಳನನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದದ್ದು.

ಇದಕ್ಕೆಲ್ಲ ಮುಂಚೆ ಒಂದು ಕೆಲಸ ಆಗಬೇಕು, ಅದನ್ನು ನೀವು ಕಾಗದದಲ್ಲಿ ಬರೆದಿಲ್ಲ. ಈಗಲೂ ಅದೇ ಮಂಡಿಯಲ್ಲಿ ಅದೇ ಕಾಟಾದ ಮುಂದೆ ಇದ್ದೀರಾ? ಹೌದಾದರೆ ನಾಳೆ ಬೆಳಗಿನ ಮೊದಲ ಚೀಲದಿಂದಲೇ ತೂಕ ಸರಿಯಾಗಬೇಕು. ಕದಿಯುವವನು ಇನ್ನು ಕದಿಯದೆ ಕೈಯಿಂದ ದುಡಿದು, ಕಷ್ಟದಲ್ಲಿರುವವರಿಗೆ ಕೊಡಲಿ ಎಂದು ಎಫೆಸದವರಿಗೆ ಬರೆದ ಪತ್ರಿಕೆ 4:28 ಹೇಳುತ್ತದೆ. ಮೊದಲು ನಿಲ್ಲಿಸುವುದು, ಆಮೇಲೆ ದುಡಿಯುವುದು, ಆಮೇಲೆ ಕೊಡುವುದು. ಸಾಹುಕಾರರನ್ನು ಒಬ್ಬರೇ ಇರುವಾಗ ಕಂಡು, ಇನ್ನು ಮುಂದೆ ನನ್ನ ಕೈಯಿಂದ ಇದು ಆಗುವುದಿಲ್ಲ ಎಂದು ಮರ್ಯಾದೆಯಿಂದ ಹೇಳಿ. ಅವರ ಹೆಸರನ್ನು ಬೀದಿಗೆ ತರುವುದು ನಿಮ್ಮ ಮಾನಸಾಂತರದ ಭಾಗವಲ್ಲ, ಆದರೆ ಯಾರಾದರೂ ರೈತ ಎದುರಿಗೆ ನಿಂತು ನೇರವಾಗಿ ಕೇಳಿದರೆ ಸುಳ್ಳು ಹೇಳಕೂಡದು. ತೂಕದಲ್ಲಿ ಮೋಸ ಕಾನೂನಿನ ಪ್ರಕಾರವೂ ಅಪರಾಧ. ಏನನ್ನಾದರೂ ಬರವಣಿಗೆಯಲ್ಲಿ ಕೊಡುವ ಮುಂಚೆ ಒಬ್ಬ ವಕೀಲರನ್ನು ಕೇಳಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಸಲಹೆ ಸಿಗುತ್ತದೆ. ಕೆಲಸ ಹೋಗಬಹುದು. ಇದನ್ನು ಓದುತ್ತಿರುವ ದಾವಣಗೆರೆಯ ಸಭೆಯವರಿಗೆ ನಾನು ಕೈಮುಗಿದು ಕೇಳುತ್ತೇನೆ: ಇಂಥ ಮನುಷ್ಯ ನಿಮ್ಮ ನಡುವೆ ಬಂದಾಗ ಹಲ್ಲೆಲೂಯ ಎಂದು ಚಪ್ಪಾಳೆ ತಟ್ಟುವ ಮೊದಲು ಅವನಿಗೊಂದು ಕೆಲಸ ಹುಡುಕಿಕೊಡಿ. ಮನೆ ಬಿಟ್ಟು ಓಡಿಬಂದಿದ್ದ ದಾಸ ಒನೇಸಿಮನನ್ನು ಪೌಲ ಯಜಮಾನ ಫಿಲೆಮೋನನ ಬಳಿಗೇ ಹಿಂದಕ್ಕೆ ಕಳುಹಿಸಿದ. ಬರೀ ಬುದ್ಧಿ ಹೇಳಿ ಕಳುಹಿಸಲಿಲ್ಲ, ಅವನ ಬಾಕಿ ಏನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು ಎಂದು ತನ್ನ ಕೈಯಿಂದಲೇ ಬರೆದುಕೊಟ್ಟ.

ಕುಡಿತ ಬಿಟ್ಟವರ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಕೂಟಗಳಲ್ಲೂ ಇದೇ ದಾರಿ ಇದೆ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಕೂಟಗಳ ಹನ್ನೆರಡು ಮೆಟ್ಟಿಲುಗಳಲ್ಲಿ ಎಂಟನೆಯದು, ನಮ್ಮಿಂದ ನೋವು ತಿಂದವರ ಪಟ್ಟಿ ಮಾಡುವುದು. ಒಂಬತ್ತನೆಯದು, ಸಾಧ್ಯವಾದಲ್ಲೆಲ್ಲ ಅವರಿಗೆ ನೇರವಾಗಿ ಸರಿಪಡಿಸಿ ಕೊಡುವುದು, ಆದರೆ ಹಾಗೆ ಮಾಡಿದ್ದರಿಂದ ಅವರಿಗೋ ಬೇರೆಯವರಿಗೋ ಹೊಸ ನೋವಾಗುವಂತಿದ್ದರೆ ಬೇಡ. ಆ ಎಚ್ಚರಿಕೆ ನಿಮಗೂ ಬೇಕು. ನಿಮ್ಮ ಮನಸ್ಸು ಹಗುರವಾಗಲೆಂದು ಇನ್ನೊಬ್ಬ ಹಮಾಲನ ಹೆಸರು ಹೇಳಿ ಅವನ ಅನ್ನ ಕಳೆಯಬೇಡಿ.

'ಅವತ್ತೇ ಎಲ್ಲಾ ಬಿಟ್ಟೆ' ಎಂದು ಬರೆದಿದ್ದೀರಿ. ಹೊಸ ಹುಟ್ಟು ಒಂದೇ ದಿನದ್ದು ನಿಜ, ಆದರೆ ಹೊಸ ಬಾಳು ಬದುಕಿನ ಎಲ್ಲ ಮೂಲೆಗಳಿಗೂ ಒಂದೇ ದಿನ ಮುಟ್ಟುವುದಿಲ್ಲ. ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ನಾವಿಕ 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ದೇವರಿಗೆ ಮೊರೆಯಿಟ್ಟ. ಆ ದಿನವನ್ನು ಸಾಯುವ ತನಕ ನೆನೆದ. ಕೃಪೆಯ ಮೇಲೆ ಅವನು ಬರೆದ ಹಾಡನ್ನು ಈಗಲೂ ಜಗತ್ತಿನಾದ್ಯಂತ ಹಾಡುತ್ತಾರೆ. ಆದರೆ ಮೊರೆಯಿಟ್ಟ ಮೇಲೂ 1754ರ ತನಕ ಅವನು ಆಫ್ರಿಕದ ಜನರನ್ನು ಸರಪಳಿ ಹಾಕಿ ಸಾಗಿಸುವ ಹಡಗುಗಳಲ್ಲೇ ದುಡಿದ, ಕಪ್ತಾನನೂ ಆದ. ಆ ವ್ಯಾಪಾರ ಎಂಥ ಘೋರವೆಂದು ಬಹಿರಂಗವಾಗಿ ಬರೆದು, ತನ್ನ ಪಾಲನ್ನು ಒಪ್ಪಿಕೊಂಡದ್ದು 1788ರಲ್ಲಿ. ನಲವತ್ತು ವರ್ಷ ಹಿಡಿಯಿತು. ಬ್ರಿಟಿಷ್ ಸಂಸತ್ತು 1807ರಲ್ಲಿ ಆ ವ್ಯಾಪಾರವನ್ನು ನಿಷೇಧಿಸಿತು, ಅದೇ ವರ್ಷ ಡಿಸೆಂಬರ್‌ನಲ್ಲಿ ಅವನು ತೀರಿಕೊಂಡ. ತಡಮಾಡುವುದಕ್ಕೆ ಸಮರ್ಥನೆಯಾಗಿ ಈ ಕಥೆಯನ್ನು ಹೇಳುತ್ತಿಲ್ಲ. ಆ ವರ್ಷಗಳಲ್ಲಿ ಅವನ ಹಡಗಿನ ಅಡಿಯಲ್ಲಿ ಸತ್ತವರಿಗೆ ಅವನ ನಿಧಾನದಿಂದ ಏನು ಬಂತು? ಮಾನಸಾಂತರವಾದ ಮೇಲೂ ಕಣ್ಣು ಕಾಣದ ಪಾಪಗಳು ಉಳಿಯುತ್ತವೆ, ಅದರಲ್ಲೂ ಹೊಟ್ಟೆಪಾಡಿನ ಜೊತೆ ಬೆಸೆದುಕೊಂಡ ಪಾಪಗಳು. ನಿಮಗೆ ಕುಡಿತಕ್ಕಿಂತ ಕಾಟಾ ದೊಡ್ಡ ವಿಷಯವೆಂದು ಕೆಲವೇ ತಿಂಗಳಲ್ಲಿ ತೋಚಿದೆ. ಅದು ದೇವರ ದಯೆ.

ಮತ್ತೆ ದೀಕ್ಷಾಸ್ನಾನ ಬೇಕೇ ಎಂಬುದಕ್ಕೆ ಚಿಕ್ಕ ಉತ್ತರ. ಪೆಂತೆಕೋಸ್ತ್, ಬ್ಯಾಪ್ಟಿಸ್ಟ್ ಸಭೆಗಳವರು ಸ್ವಂತ ನಂಬಿಕೆ ಹುಟ್ಟಿದ ಮೇಲಿನ ಮುಳುಗು ಸ್ನಾನವನ್ನೇ ಒಪ್ಪುತ್ತಾರೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಕಥೋಲಿಕ, ಮೆಥೊಡಿಸ್ಟ್ ಸಭೆಗಳು ಕೂಸಿಗೆ ಕೊಟ್ಟದ್ದನ್ನೂ ಪೂರ್ಣ ದೀಕ್ಷಾಸ್ನಾನವೆಂದೇ ಹೇಳುತ್ತವೆ. ನಾನು ಎರಡನೆಯವರ ಸಾಲಿನವನು. ನಿಮ್ಮ ಅಮ್ಮ ಅಂದು ನಿಮ್ಮನ್ನು ಎತ್ತಿಕೊಂಡು ಹೋಗಿ ದೇವರ ಕೈಗೆ ಒಪ್ಪಿಸಿದ್ದು ಶುಭ ಶುಕ್ರವಾರ ಫಲ ಕೊಟ್ಟಿದೆ. ಇನ್ನೊಮ್ಮೆ ಮುಳುಗಿದರೆ ಕುಡಿತದ ಬಯಕೆ ತೊಳೆದುಹೋಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ, ಅವರು ಕೊಡಬಾರದ ಮಾತು ಕೊಡುತ್ತಿದ್ದಾರೆ.

ತಂಗಿಯವರ ಬಗ್ಗೆ, ನಿಮ್ಮ ಮನೆಯಾಕೆಯ ಬಗ್ಗೆ ಹೇಳುತ್ತಿದ್ದೇನೆ. ಅವರು ತಪ್ಪೇನೂ ಆಡಿಲ್ಲ. ಅವರು ನಿಜಕ್ಕೂ ಇದನ್ನು ಎಷ್ಟೋ ಸಲ ನೋಡಿದ್ದಾರೆ. 'ದೇವರೇ ಕ್ಷಮಿಸಿದ್ದಾನೆ, ನಿನಗೇನು' ಎಂಬ ಮಾತು ನಿಮ್ಮ ಬಾಯಿಂದ ಎಂದೂ ಬರಬಾರದು. ಅವರ ಮುಂದೆ ವಚನ ಹೇಳುವುದನ್ನೂ ಸ್ವಲ್ಪ ಕಾಲ ನಿಲ್ಲಿಸಿ. ಸಂಬಳದ ದಿನ ಮಂಡಿಯಿಂದ ನೇರ ಮನೆಗೆ ಬಂದು ಪೂರ್ತಿ ದುಡ್ಡು ಅವರ ಕೈಗೆ ಕೊಡಿ, ಬಸ್ಸಿಗೆ, ಚಹಾಕ್ಕೆ ಅವರಿಂದ ಕೇಳಿ ತೆಗೆದುಕೊಳ್ಳಿ. ಓಸಿ ಚೀಟಿ ಬರೆಯುವವನ ನಂಬರನ್ನು ಅವರೆದುರಿಗೇ ಮೊಬೈಲಿನಿಂದ ತೆಗೆಯಿರಿ. ರೈತರ ಪಟ್ಟಿ ಬರೆಯಲು ಕೂತಾಗ, ಆ ಪಟ್ಟಿಯಲ್ಲಿ ಅವರ ಹೆಸರೂ ಇರಬೇಕು. ಹದಿನಾಲ್ಕು ವರ್ಷದಲ್ಲಿ ಆ ಮನೆಯಿಂದ ಹೋದ ಒಡವೆ, ಮಕ್ಕಳ ಫೀಸು, ಬಾಗಿಲು ತೆಗೆಯಲು ಎದ್ದ ನಡುರಾತ್ರಿಗಳು ನಿಮಗಿಂತ ಅವರಿಗೆ ಚೆನ್ನಾಗಿ ನೆನಪಿವೆ. ಅವರು ಹೇಳುವಾಗ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.

ಉಜ್ಜೀವನ ಕೂಟಕ್ಕೆ ಈಗ ಹೋಗಬೇಡಿ. ಹೊಸದಾಗಿ ಬಂದವರನ್ನು ವಾರದೊಳಗೆ ವೇದಿಕೆಗೆ ಹತ್ತಿಸುವ ರೂಢಿ ನಮ್ಮ ಭಾಗದಲ್ಲಿ ಬೆಳೆದಿದೆ, ಅದರಿಂದ ಕೆಟ್ಟವರನ್ನು ನಾನು ಕಂಡಿದ್ದೇನೆ. ಮೈಕಿನ ಮುಂದೆ ಹಳೆಯ ಪಾಪ ದೊಡ್ಡದಾಗುತ್ತಾ ಹೋಗುತ್ತದೆ, ಮದುವೆ ಮನೆಯಲ್ಲಿ ಕುಡಿದದ್ದು ಬಿಟ್ಟುಹೋಗುತ್ತದೆ, ಮುಂದೆ ಮತ್ತೆ ಬಿದ್ದರೆ ಯಾರಿಗೂ ಹೇಳಲಾಗದ ಹಾಗೆ ಬಾಯಿ ಕಟ್ಟುತ್ತದೆ. ಪೌಲನೇ ದಮಸ್ಕದ ದಾರಿಯ ದರ್ಶನವಾದ ಮೇಲೆ ಅರೇಬಿಯಕ್ಕೆ ಹೋದ, ಯೆರೂಸಲೇಮಿಗೆ ಪೇತ್ರನನ್ನು ಕಾಣಲು ಬಂದದ್ದು ಮೂರು ವರ್ಷದ ಮೇಲೆ ಎಂದು ಗಲಾತ್ಯದವರಿಗೆ ತಾನೇ ಬರೆದಿದ್ದಾನೆ. ಕರೆದ ಹಿರಿಯರಿಗೆ ವಂದನೆ ಹೇಳಿ, ನನ್ನ ಅಯ್ಯನವರು ಈಗ ಬೇಡವೆಂದರು ಎಂದು ತಪ್ಪು ನನ್ನ ಮೇಲೆ ಹಾಕಿ. ಆ ಸಂಜೆ ಆಸ್ಪತ್ರೆಯ ಮಾತ್ರೆ ತಗೊಂಡು ಮನೆಯಲ್ಲಿರಿ, ಪಟ್ಟಿಯ ಮೊದಲ ಐದು ಹೆಸರು ಬರೆಯಿರಿ. ಸಾಹುಕಾರರ ಹತ್ತಿರ ಮಾತಾಡುವ ದಿನ, ಅಥವಾ ಮೊದಲ ರೈತನ ಊರಿಗೆ ಹೋಗುವ ದಿನ ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ನನಗೆ ತಿಳಿಸಿ, ಜೊತೆಗೆ ಬರುತ್ತೇನೆ.